ಕಲಬುರಗಿಯಿಂದ ಎನ್ಕಾರ್ನಾಸಿಯೋನ್‌ಗೆ: ಸೇತುವೆ ದಾಟುವ ಮುಂಚೆ

ಪರಾನಾ ನದಿಯ ಒಂದು ದಂಡೆಗೆ ಪರಾಗ್ವೆಯ ಎನ್ಕಾರ್ನಾಸಿಯೋನ್, ಎದುರು ದಂಡೆಗೆ ಅರ್ಜೆಂಟೀನಾದ ಪೊಸಾದಾಸ್. 1615ರಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಪಂಗಡದ ಪಾದ್ರಿ ರೋಕೆ ಗೊನ್ಸಾಲೆಸ್ ಅಲ್ಲಿಯ ಮೂಲನಿವಾಸಿ ಗ್ವಾರನಿ ಜನರ ನಡುವೆ ಹೂಡಿದ ಇತಾಪುವಾ ನೆಲೆ ಎರಡೂ ಊರಿನ ಮೂಲ. ಈಗ ನಡುವೆ ಗಡಿ ಇದೆ. ಪ್ರವಾಸಿಗರು ಎಡವುವುದೂ ಅಲ್ಲೇ.

ಮೊದಲ ಕೆಲಸ ಹಳದಿ ಜ್ವರದ ಲಸಿಕೆ. ಈ ಎರಡೂ ದೇಶ ನಮ್ಮ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿವೆ. ಪ್ರಮಾಣಪತ್ರ ಇಲ್ಲದೆ ವಾಪಸ್ ಬಂದರೆ 6 ದಿನದವರೆಗೆ ಕ್ವಾರಂಟೈನ್ ಆಗಬಹುದು. ಸೂಜಿ ಹಾಕಿಸಿ 10 ದಿನ ಕಳೆದ ಮೇಲೇ ಅದು ಊರ್ಜಿತ, ಆಮೇಲೆ ಜೀವನಪರ್ಯಂತ ನಡೆಯುತ್ತದೆ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಮಾನ್ಯತೆ ಪಡೆದ ಕೇಂದ್ರದಲ್ಲಿ ತಿಂಗಳು ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಿ. ಮೊಟ್ಟೆ ಆಗದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಲಸಿಕೆ ತಯಾರಾಗುವುದು ಮೊಟ್ಟೆಯಲ್ಲೇ.

ವೀಸಾ ಎರಡು ದೇಶದ್ದೂ ಬೇರೆ ಬೇರೆ ನೋಡಿಕೊಳ್ಳಿ. ಅರ್ಜೆಂಟೀನಾದಲ್ಲಿ ಇಳಿದು, ಪರಾಗ್ವೆ ನೋಡಿ, ಮತ್ತೆ ಅರ್ಜೆಂಟೀನಾದಿಂದಲೇ ವಿಮಾನ ಹತ್ತುವವರು ಒಂದೇ ಪ್ರವೇಶದ ವೀಸಾ ತಗೊಂಡರೆ ಆಚೆ ದಂಡೆಯಲ್ಲೇ ಸಿಕ್ಕಿಬೀಳುತ್ತಾರೆ.

ಸೇತುವೆ 1990ರದು, ಸುಮಾರು ಎರಡೂವರೆ ಕಿಲೋಮೀಟರ್. ಬಸ್ಸಿನಲ್ಲಿ ಸ್ಥಳೀಯರೇ ಹೆಚ್ಚು, ಅವರ ಕೆಲಸ ಬೇಗ ಮುಗಿಯುತ್ತದೆ. ನೀವು ಮಾತ್ರ ಇಳಿದು ಹೊರಹೋಗುವ ಮೊಹರು, ಒಳಬರುವ ಮೊಹರು ಎರಡನ್ನೂ ಹಾಕಿಸಿಕೊಳ್ಳಲೇಬೇಕು. ಡ್ರೈವರ್ ಕಾಯದೆ ಹೊರಟರೆ ಗಾಬರಿ ಬೇಡ: ಟಿಕೆಟ್ ಕೈಯಲ್ಲಿದ್ದರೆ ಅದೇ ಕಂಪನಿಯ ಮುಂದಿನ ಬಸ್ಸು ಹತ್ತಬಹುದು. ಆದರೆ ಬ್ಯಾಗನ್ನು ಸೀಟಿನ ಮೇಲೆ ಬಿಟ್ಟು ಇಳಿಯಬೇಡಿ. ಎರಡೂ ದಂಡೆಯಲ್ಲಿ ಒಂದು ಗಂಟೆ ವ್ಯತ್ಯಾಸ ಎನ್ನುವ ಹಳೆಯ ಗೈಡುಗಳನ್ನು ನಂಬಬೇಡಿ. 2024ರ ಅಕ್ಟೋಬರಿನಿಂದ ಎರಡೂ ಕಡೆ ಒಂದೇ ಗಡಿಯಾರ, ನಮಗಿಂತ ಎಂಟೂವರೆ ಗಂಟೆ ಹಿಂದೆ.

ನೋಡಬೇಕಾದ್ದು ಟ್ರಿನಿದಾದ್, ಜೆಸ್ವಿಟರ ಹಳೆಯ ನೆಲೆಯೊಂದರ ಪಾಳು, ಎನ್ಕಾರ್ನಾಸಿಯೋನ್‌ನಿಂದ ಸುಮಾರು 30 ಕಿಲೋಮೀಟರ್. ನೇರ ಚರ್ಚಿಗೆ ನುಗ್ಗದೆ ಚೌಕದ ನಡುವೆ ನಿಲ್ಲಿ: ಚರ್ಚಿನ ಮಗ್ಗುಲಲ್ಲಿ ಪಾದ್ರಿಗಳ ವಸತಿ, ಕಾರ್ಯಾಗಾರ, ಸ್ಮಶಾನ, ಉಳಿದ ಮೂರು ಬದಿಗೆ ಗ್ವಾರನಿ ಕುಟುಂಬಗಳ ಮನೆಸಾಲು. ಈ ನಕ್ಷೆ ತಲೆಗೆ ಹತ್ತಿದರೆ ಉಳಿದ ನೆಲೆಗಳೂ ಅರ್ಥವಾಗುತ್ತವೆ. ಒಳಗೆ ತಲೆಯೆತ್ತಿ ವಾದ್ಯ ನುಡಿಸುವ ದೇವದೂತರ ಕೆತ್ತನೆ ಹುಡುಕಿ. ಹತ್ತಿರದ ಹೆಸೂಸ್ ಚರ್ಚಿನ ಚಾವಣಿ ಬಿದ್ದಿದ್ದಲ್ಲ, ಹಾಕಿಯೇ ಇರಲಿಲ್ಲ; 1767ರಲ್ಲಿ ಜೆಸ್ವಿಟರನ್ನು ಹೊರದಬ್ಬಿದಾಗ ಕಟ್ಟಡ ಅರ್ಧಕ್ಕೇ ನಿಂತಿತು. ಅಲ್ಲಿಗೆ ಬಸ್ಸು ಕಡಿಮೆ, ಟ್ರಿನಿದಾದಿನಿಂದ ಟ್ಯಾಕ್ಸಿ ಮಾಡಿ. ಟಿಕೆಟ್ ಎಸೆಯಬೇಡಿ, ಅದೇ ಅಲ್ಲೂ ನಡೆಯುತ್ತದೆ.

ಡಿಸೆಂಬರಿನಿಂದ ಫೆಬ್ರವರಿ ಬೇಡ. ನಮ್ಮ ಬಿಸಿಲಿಗೆ ಬೆವರು ಆರುತ್ತದೆ, ಅಲ್ಲಿಯ ತೇವದ ಸೆಕೆಗೆ ಆರುವುದಿಲ್ಲ. ನಮ್ಮ ಮಕ್ಕಳ ಏಪ್ರಿಲ್–ಮೇ ರಜೆ ಅಲ್ಲಿಯ ಶರತ್ಕಾಲ, ಸರಿಹೊಂದುತ್ತದೆ. ಸಸ್ಯಾಹಾರಿಗಳು ಚಿಪಾ ರೊಟ್ಟಿ ತಿನ್ನುವ ಮುಂಚೆ ಕೇಳಿ, ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ. ನೆಲವಂತೂ ಬೀದರಿನಂತೆಯೇ ಬಸಾಲ್ಟ್ ಕಲ್ಲು ಶಿಥಿಲವಾಗಿ ಆದ ಕೆಂಪು ಮಣ್ಣು. ಬಿಳಿ ಪೈಜಾಮ ಮನೆಯಲ್ಲೇ ಬಿಡಿ.