ಕಸಿ ಹಿಡಿಯಿತು ಅಂದ ಮೇಲೂ ಬೇಕಾದ ಎಚ್ಚರ

ತಮ್ಮನಿಗೆ ಕಸಿ ಮಾಡಲು ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲಕಣ) ಕೊಟ್ಟವಳು ನಾನೇ. ಬೆಂಗಳೂರಿನಿಂದ ಶಿರಸಿಗೆ ಮರಳುವಾಗ ಅವನ ಬಿಳಿ ರಕ್ತಕಣದ ಕೌಂಟ್ ನಾರ್ಮಲ್ ಇತ್ತು. ನಾಲ್ಕನೇ ತಿಂಗಳು "ಅಕ್ಕಾ, ಕೌಂಟ್ ಸರಿ ಇದೆಯಲ್ಲ" ಎಂದು ಅಟ್ಟ ಹತ್ತಿದ. ಹಳೇ ಅಡಿಕೆ ಚೀಲ ಕೊಡವಿದ. ಎರಡು ವಾರದಲ್ಲಿ ಶ್ವಾಸಕೋಶಕ್ಕೆ ಬೂಷ್ಟಿನ ಸೋಂಕು. ಉಳಿದುಕೊಂಡ, ಆದರೆ ತುಂಬಾ ನರಳಿದ. ನಿಮ್ಮ ಮನೆಯಲ್ಲಿ ಹಾಗಾಗಬಾರದು.

ಕೌಂಟ್ ನೋಡಿ ಮೋಸ ಹೋಗಬೇಡಿ. ಮೊದಲು ಬರುವುದು ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ, ಸಾಮಾನ್ಯವಾಗಿ 2ರಿಂದ 4 ವಾರದಲ್ಲಿ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಅದು ಸತತ 3 ದಿನ 500 ದಾಟಿದರೆ ಕಸಿ ಹಿಡಿಯಿತು ಅನ್ನುತ್ತಾರೆ. ಮಾವಿನ ಕಸಿ ಚಿಗುರಿದ ದಿನವೇ ಅದರ ಕಟ್ಟು ಬಿಚ್ಚುತ್ತೇವಾ? ಇಲ್ಲ ಅಲ್ವಾ. ರೋಗಾಣುವನ್ನು ನೆನಪಿಟ್ಟುಕೊಂಡು ಹೋರಾಡುವ ಕಣಗಳು ಇನ್ನೂ ಬಂದಿರುವುದಿಲ್ಲ. ಅವುಗಳಲ್ಲಿ ಬಿ ಕಣಕ್ಕೆ 6ರಿಂದ 12 ತಿಂಗಳು ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಟಿ ಕಣ ಎಲ್ಲಕ್ಕಿಂತ ನಿಧಾನ, ವರ್ಷ ದಾಟಬಹುದು. ಅವು ಬಲಿಯುವುದು ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ. ವಯಸ್ಸಾದಂತೆ ಅದು ಕುಗ್ಗುತ್ತದೆ. ನನ್ನ ತಮ್ಮನಿಗೆ 46. ಹಾಗಾಗಿ ಚೆಕಪ್‌ಗೆ ಹೋದಾಗ ಸಿಡಿ4 (ಟಿ ಕಣದಲ್ಲೇ ಒಂದು ಬಗೆ) ಎಷ್ಟಿದೆ ಎಂದು ಕೇಳಿ. 200ಕ್ಕಿಂತ ಕಡಿಮೆ ಇದ್ದರೆ ಎಚ್ಚರ ಸಡಿಲ ಮಾಡಲೇಬೇಡಿ.

ನಮ್ಮ ಕಡೆ ದೊಡ್ಡ ಶತ್ರು ಆಸ್ಪರ್‌ಜಿಲ್ಲಸ್ ಅನ್ನುವ ಬೂಷ್ಟು. ದರಕು, ಗೊಬ್ಬರಗುಂಡಿ, ಒಣಹುಲ್ಲು, ಮಳೆಗಾಲದ ಒದ್ದೆ ಗೋಡೆ, ಎಲ್ಲ ಕಡೆ ಇರುತ್ತದೆ. ಡಾಕ್ಟರು ಹೇಳುವ ತನಕ ಕೊಟ್ಟಿಗೆ, ತೋಟದ ಕೆಲಸ ಬೇಡ. ಕಸ ಗುಡಿಸುವಾಗ ಕಸಿ ಆದವರು ಆ ಕೋಣೆಯಲ್ಲಿ ಇರಬಾರದು. ಬಾವಿ ನೀರು ಕುದಿಸಿಯೇ ಕೊಡಿ. ಹಸಿ ಒಂದೆಲಗದ ತಂಬುಳಿ ಈಗ ಬೇಡ, ಬಿಸಿ ಸಾರು ಅನ್ನ ಸಾಕು. ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಡುವ ಟ್ಯಾಕ್ರೋಲಿಮಸ್ ಅಥವಾ ಸೈಕ್ಲೋಸ್ಪೊರಿನ್ ಔಷಧ ಇದ್ದರೆ ಹಿತ್ತಿಲ ಚಕ್ಕೋತವೂ ಬೇಡ. ಅದು ರಕ್ತದಲ್ಲಿ ಔಷಧದ ಪ್ರಮಾಣ ಏರಿಸುತ್ತದೆ.

ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ, ಜ್ವರ ಮರೆಯಾಗಿ ಸೋಂಕು ಒಳಗೇ ಬೆಳೆಯುತ್ತದೆ. ಆಸ್ಪತ್ರೆಗೆ ಹೋಗಬೇಕಾದ ಹುಬ್ಬಳ್ಳಿ ನಮಗೆ ಸುಮಾರು 100 ಕಿಲೋಮೀಟರ್. ಅದಕ್ಕೇ ಫೈಲು, ಬಟ್ಟೆ ತುಂಬಿದ ಚೀಲ ಬಾಗಿಲ ಹತ್ತಿರವೇ ಇಟ್ಟಿದ್ದೇವೆ. ಕಾರಿನವರಿಗೂ ಮೊದಲೇ ಹೇಳಿದ್ದೇವೆ.

ಚಿಕ್ಕಂದಿನ ಲಸಿಕೆಗಳ ಬಲವೂ ಕಸಿಯ ನಂತರ ಹೋಗಿಬಿಡುತ್ತದೆ. ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಮತ್ತೆ ಶುರು ಮಾಡುತ್ತಾರೆ. ದಡಾರದಂಥ ಜೀವಂತ ಲಸಿಕೆ ಮಾತ್ರ 2 ವರ್ಷ ಆಗದೆ ಕೊಡುವುದಿಲ್ಲ. ಅಲ್ಲಿಯವರೆಗೆ ಮನೆಯ ಉಳಿದವರು ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ನಾವು ಐವರೂ ಹಾಕಿಸಿಕೊಂಡೆವು, ಅಮ್ಮನೂ ಸೇರಿ.