ಮಾರುತಿ 800ಗೆ ಪುಶ್ ಬಟನ್ ಸ್ಟಾರ್ಟ್: ಬಟನ್ ಅಂಟಿಕೊಳ್ಳುತ್ತಿದ್ದದ್ದು ಸರಿಹೋದ ಬಗೆ

ಗಾಡಿ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದಂತೆ ತಡೆಯುವ ಸಾಧನ) ಇಲ್ಲದ ಹಳೆ ಕಾರ್ಬ್ಯುರೇಟರ್ ಮಾಡೆಲ್. ಕೀ ಸ್ವಿಚ್‌ನ ಸ್ಟಾರ್ಟರ್ ವೈರಿಗೆ ಬಟನ್ ನೇರ ಜೋಡಿಸಿದ್ದೇ ತಪ್ಪು. ಸ್ಟಾರ್ಟರ್ ಸೊಲೆನಾಯ್ಡ್ (ಸ್ಟಾರ್ಟರ್ ಮೋಟರನ್ನು ಆನ್ ಮಾಡುವ ವಿದ್ಯುತ್ಕಾಂತದ ಸ್ವಿಚ್) ಎಳೆಯುವ ಕರೆಂಟನ್ನು ಸಣ್ಣ ಬಟನ್ ತಾಳುವುದಿಲ್ಲ. ಬಿಟ್ಟಾಗಲೆಲ್ಲ ಕಿಡಿ ಹಾರಿ ಬಟನ್ ಒಳಗಿನ ಪಾಯಿಂಟ್ ಕರಗಿ ಅಂಟುತ್ತದೆ, ಎಂಜಿನ್ ಶುರುವಾದ ಮೇಲೂ ಸ್ಟಾರ್ಟರ್ ಕಿರುಚುತ್ತಲೇ ಇರುತ್ತದೆ.

ಪರಿಹಾರ 12 ವೋಲ್ಟ್, 40 ಆಂಪಿಯರ್‌ನ ನಾಲ್ಕು ಪಿನ್ನಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್. 30ನೇ ಪಿನ್ನಿಗೆ ಬ್ಯಾಟರಿ ಪ್ಲಸ್, ವೈರ್ 2.5 ಚದರ ಮಿ.ಮೀ., ಬ್ಯಾಟರಿ ಪಕ್ಕದಲ್ಲೇ 30 ಆಂಪಿಯರ್ ಫ್ಯೂಸ್. 87ರಿಂದ ಸೊಲೆನಾಯ್ಡಿಗೆ. ಇಗ್ನಿಷನ್ ವೈರಿನಿಂದ ಬಟನ್ ಮೂಲಕ 86ಕ್ಕೆ, ಅಂದರೆ ಕೀ ಆನ್ ಇದ್ದರಷ್ಟೇ ಬಟನ್ ಕೆಲಸ ಮಾಡುತ್ತದೆ. 85ರಿಂದ ಕ್ಲಚ್ ಪೆಡಲ್ ಸ್ವಿಚ್ ಮೂಲಕ ಬಾಡಿ ಅರ್ಥ್ (ಬ್ಯಾಟರಿ ಮೈನಸ್‌ಗೆ ಸೇರಿದ ಗಾಡಿಯ ತಗಡು). ಈ ಸ್ವಿಚ್ ಹಾಕದೆ ಬಿಡಬೇಡಿ, ಅದಿಲ್ಲದಿದ್ದರೆ ಕೀ ಆನ್ ಇದ್ದು ಗೇರಿನಲ್ಲಿದ್ದಾಗ ಮಗು ಬಟನ್ ಒತ್ತಿದರೂ ಗಾಡಿ ಮುಂದಕ್ಕೆ ಹಾರುತ್ತದೆ. 85-86ಕ್ಕೆ ಅಡ್ಡಲಾಗಿ 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಬಿಳಿ ಪಟ್ಟಿ 86ರ ಕಡೆಗೆ. ತಿರುಗಾಮುರುಗಾ ಹಾಕಿದರೆ ಬಟನ್ ಒತ್ತಿದೊಡನೆ ಶಾರ್ಟ್.

ಆಮೇಲೂ ರಿಲೇ ಟಕಟಕ ಅಂದಿತು. ಬಟನ್ ಒತ್ತಿ, ಕ್ಲಚ್ ತುಳಿದು, 85ರಿಂದ ಬ್ಯಾಟರಿ ಮೈನಸ್‌ಗೆ ಅಳೆದರೆ ಸೊನ್ನೆಯ ಹತ್ತಿರ ಬರಬೇಕಾದಲ್ಲಿ 3 ವೋಲ್ಟ್! ಅರ್ಥ್ ಬೋಲ್ಟ್ ಕೂತಿದ್ದದ್ದು ಪೇಂಟ್ ಮೇಲೆ. ಎಮೆರಿ ಹಾಳೆಯಿಂದ ತಗಡು ಹೊಳೆಯುವವರೆಗೆ ಉಜ್ಜಿ ಬಿಗಿದ ಮೇಲೆ ಸದ್ದಿಲ್ಲ.

ಕೀ ಸ್ವಿಚ್ ಕಿತ್ತು ಹಾಕುವ ಆಸೆ ಬೇಡ. ಸ್ಟೀರಿಂಗ್ ಲಾಕ್ ಅದರಲ್ಲೇ ಇದೆ. ಇನ್ನೊಂದು, ಕೀಯಿಂದ ಸ್ಟಾರ್ಟ್ ಮಾಡುವಾಗ ರೇಡಿಯೋ ತಾನೇ ಆಫ್ ಆಗುತ್ತದೆ, ಬಟನ್ನಿನಲ್ಲಿ ಆಗುವುದಿಲ್ಲ. ಬ್ಯಾಟರಿ ಹಳತಾಗಿದ್ದರೆ ಮೊದಲು ಬ್ಲೋವರ್, ಹೆಡ್‌ಲೈಟ್ ಆರಿಸಿಯೇ ಒತ್ತಿ.