ವಿಶ್ವದ ಹುಟ್ಟನ್ನು ಕಲಿಯಲು ಎಲ್ಲಿಂದ ಆರಂಭಿಸಬೇಕು
ವಿಶ್ವದ ಉಗಮವನ್ನು ಅರಿಯಬಯಸುವವರು ಬೆಳಕಿನಿಂದ ಆರಂಭಿಸುವುದು ಒಳಿತು. ನವೆಂಬರ್ ತಿಂಗಳ ಕತ್ತಲ ರಾತ್ರಿಯಲ್ಲಿ, ಊರ ದೀಪಗಳಿಂದ ದೂರ ನಿಂತು, ಬರಿಗಣ್ಣಿಗೂ ಮಸುಕಾಗಿ ಕಾಣುವ ಆಂಡ್ರೊಮಿಡಾ ಗೆಲಾಕ್ಸಿಯನ್ನು ಗುರುತಿಸಿರಿ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ ಎಂಬುದು ಮನದಟ್ಟಾದರೆ, ದೂರವನ್ನು ನೋಡುವುದೆಂದರೆ ಗತಕಾಲವನ್ನು ನೋಡುವುದು ಎಂಬ ಮೂಲಸೂತ್ರ ತಾನಾಗಿಯೇ ತಿಳಿಯುತ್ತದೆ.

ಬಳಿಕ ರೋಹಿತವನ್ನು, ಅಂದರೆ ಬೆಳಕನ್ನು ಬಿಡಿಸಿದಾಗ ಕಾಣುವ ಬಣ್ಣಗಳ ಪಟ್ಟಿಯನ್ನು, ಅಭ್ಯಾಸ ಮಾಡಿರಿ. ದೂರದ ಗೆಲಾಕ್ಸಿಗಳ ರೋಹಿತರೇಖೆಗಳು (ಆ ಪಟ್ಟಿಯಲ್ಲಿನ ಗೆರೆಗಳು) ಕೆಂಪಿನತ್ತ ಸರಿದಿರುತ್ತವೆ; ಆ ಗೆಲಾಕ್ಸಿಗಳು ನಮ್ಮಿಂದ ದೂರ ಸರಿಯುತ್ತಿವೆ ಎಂಬುದರ ಸೂಚನೆಯಿದು. ದೂರ ಹೆಚ್ಚಿದಂತೆ ಗೆಲಾಕ್ಸಿಗಳು ಹಿಂದೆ ಸರಿಯುವ ವೇಗವೂ ಹೆಚ್ಚುತ್ತದೆಂದು 1929ರಲ್ಲಿ ಖಗೋಳವಿಜ್ಞಾನಿ ಎಡ್ವಿನ್ ಹಬಲ್ ತೋರಿಸಿದ ನಕ್ಷೆಯನ್ನು ನೀವೇ ಗ್ರಾಫ್ ಹಾಳೆಯ ಮೇಲೆ ಬರೆದು ನೋಡುವುದು ಹತ್ತು ಉಪನ್ಯಾಸಗಳಿಗಿಂತ ಮೇಲು. ಗೆಲಾಕ್ಸಿಗಳು ಖಾಲಿ ಜಾಗದೊಳಗೆ ಚಿಮ್ಮುತ್ತಿಲ್ಲ, ಅವುಗಳ ನಡುವಿನ ಜಾಗವೇ ಹಿಗ್ಗುತ್ತಿದೆ. ಕಲಿಯುವವರು ಬಹಳವಾಗಿ ಎಡವುವುದು ಇಲ್ಲಿಯೇ ಆದ್ದರಿಂದ ಅವಸರಿಸಬೇಡಿ.

ಮುಂದೆ, 1965ರಲ್ಲಿ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ ಹಿನ್ನೆಲೆ ವಿಕಿರಣಕ್ಕೆ, ಅಂದರೆ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ವಿಶ್ವದ ಅತಿ ಹಳೆಯ ಬೆಳಕಿಗೆ, ಬನ್ನಿ. ವಿಶ್ವಕ್ಕೆ ಸುಮಾರು 3,80,000 ವರ್ಷ ತುಂಬಿದಾಗ ಬಿಡುಗಡೆಗೊಂಡ ಆ ಬೆಳಕು ಇಂದು ಸುಮಾರು 2.7 ಕೆಲ್ವಿನ್‌ಗೆ (ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್‌ಗೆ) ತಣಿದಿದೆ. ಮೊದಲ ಹಂತಕ್ಕೆ ಪಿಯುಸಿ ಮಟ್ಟದ ಗಣಿತ ಮತ್ತು ಭೌತಶಾಸ್ತ್ರ ಸಾಕು. ಮೊಟ್ಟಮೊದಲ ಕ್ಷಣಗಳ ಬಗ್ಗೆ ಓದುವಾಗ ಮಾತ್ರ, ಅಳತೆಯಿಂದ ದೃಢಪಟ್ಟದ್ದು ಯಾವುದು, ಊಹೆ ಯಾವುದು ಎಂದು ಪುಟದ ಅಂಚಿನಲ್ಲಿ ಗುರುತು ಹಾಕುತ್ತ ಹೋಗಿರಿ.